ಚೊಕ್ಕ ತುದಿ

ಮೊದಲು ಕೈ ಎತ್ತಿದವರು ಯಾರು? ಒಂಬತ್ತು ದಿನದಿಂದ ಬಸವೇಶ್ವರನಗರದ ಆ ರಸ್ತೆ ಇದೊಂದೇ ಪ್ರಶ್ನೆಯನ್ನು ಜಗಿಯುತ್ತಿತ್ತು. ಟೀ ಅಂಗಡಿಯಲ್ಲಿ ಜಗಿದರು. ಪಾರ್ಕಿನ ಬೆಂಚಿನಲ್ಲಿ ಜಗಿದರು. ಮೊಬೈಲಿನ ಗುಂಪುಗಳಲ್ಲಿ ಜಗಿದು ಒಬ್ಬರ ಮೇಲೊಬ್ಬರು ಉಗಿದರು. ಟಿವಿಯವನೊಬ್ಬ ಬಂದು ಗಿರಿರಾಜರ ಮನೆ ಗೇಟಿನ ಮುಂದೆ ನಿಂತು, ಆತ್ಮರಕ್ಷಣೆಯೋ ದೌರ್ಜನ್ಯವೋ ಎಂದು ಕತ್ತಿನ ನರ ಉಬ್ಬುವಂತೆ ಕಿರುಚಿ, ಎಳನೀರು ಕುಡಿದು ಹೋದ.

ಯಾರೂ ಕೇಳದೆ ಬಿಟ್ಟದ್ದು ಗುಂಡು ತಿಂದ ಗೂಳಪ್ಪನನ್ನು. ಅವನು ಸರ್ಕಾರಿ ಆಸ್ಪತ್ರೆಯ ಮಂಚದ ಮೇಲೆ ಬಿದ್ದಿದ್ದ. ಎಡಗೈಗೆ ಬೇಡಿ, ಬೇಡಿಯ ಇನ್ನೊಂದು ಬಳೆ ಮಂಚದ ಕಂಬಿಗೆ. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಪೊಲೀಸು. ತೊಡೆಯ ಮೂಳೆ ಚೂರಾಗಿ, ಒಳಗೆ ಸ್ಟೀಲಿನ ಪಟ್ಟಿ ಹಾಕಿಸಿಕೊಂಡು, ಉಚ್ಚೆಗೂ ನಳಿಗೆ ಇಟ್ಟುಕೊಂಡವನು ಎದ್ದು ಓಡಿಹೋಗುತ್ತಾನೆಂದು ಸರ್ಕಾರಕ್ಕೆ ಭಯ. ಗುಂಡು ಹೊಡೆದ ಗಿರಿರಾಜರು ಮಾತ್ರ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಎಂಟು ಸುತ್ತು ನಡೆಯುತ್ತಿದ್ದರು. ಅವರಿಗೆ ಬೇಲು ಸಿಕ್ಕಿತ್ತು.

ಗೂಳಪ್ಪನ ಹೆಂಡತಿ ಕಸ್ತೂರೆವ್ವ ವಾರ್ಡಿನ ಹೊರಗಿನ ಪಡಸಾಲೆಯಲ್ಲಿ ಕೂತಿದ್ದಳು. ಯಾದಗಿರಿ ಕಡೆಯವಳು. ಗಂಡ ಹೆಂಡತಿ ಬೆಂಗಳೂರಿಗೆ ಬಂದು ಒಂಬತ್ತು ವರ್ಷ. ಸುಂಕದಕಟ್ಟೆಯಲ್ಲಿ ತಗಡಿನ ಮನೆ. ಅವನು ಮನೆಗಳ ಹಿಂದಿನ ಕಕ್ಕಸಿನ ಚೇಂಬರು ಕಟ್ಟಿಕೊಂಡರೆ ಬಿಡಿಸುತ್ತಿದ್ದ. ಅವಳು ಬೆಳಿಗ್ಗೆ ವಿಜಯನಗರದ ಒಂದು ಲೇಡೀಸ್ ಪೀಜಿಯಲ್ಲಿ ಹದಿನಾಲ್ಕು ಕಕ್ಕಸು ತೊಳೆದು, ಮಧ್ಯಾಹ್ನ ಗಂಡನ ಜೊತೆ ಬಕೆಟ್ಟು ಹೊರಲು ಹೋಗುತ್ತಿದ್ದಳು. ಅವನು ಮೇಲೆ ಎಳೆದು ಹಾಕಿದ್ದನ್ನು ಅವಳು ತುಂಬಿಕೊಂಡು ಹೋಗಿ ಸುರಿಯಬೇಕು. ಗುಂಡಿನ ಸುದ್ದಿ ಟಿವಿಯಲ್ಲಿ ಬಂದ ಮರುದಿನವೇ ಪೀಜಿಯಾಕೆ, ಕೇಸೆಲ್ಲ ಮುಗಿದ ಮೇಲೆ ಬಾ ಎಂದು ಗೇಟಿನಿಂದಲೇ ಕಳಿಸಿಬಿಟ್ಟಿದ್ದಳು.

ಒಂಬತ್ತನೇ ದಿನ ಬೆಳಿಗ್ಗೆ ಎಂಟೂವರೆಗೆ ಲಾಯರು ಸುಘೋಷ್ ಬಂದ. ಗಿರಿರಾಜರ ಕಡೆಯವನು. ಮೂವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ. ಅವಳಿಂದ ನಾಲ್ಕು ಹೆಜ್ಜೆ ದೂರ ನಿಂತು ಕರ್ಚೀಫು ತೆಗೆದ. ಮೂಗಿಗೆ ಇಟ್ಟುಕೊಳ್ಳುವುದೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ಕೊನೆಗೆ ಬೆವರು ಒರೆಸುವವನಂತೆ ಮೂಗಿಗೇ ಇಟ್ಟುಕೊಂಡ. ಕಸ್ತೂರೆವ್ವ ನೋಡಿದಳು. ಆಸ್ಪತ್ರೆಯ ನಲ್ಲಿಯ ಕೆಳಗೆ ಕೂತು ಆಗಷ್ಟೇ ಮೈ ತೊಳೆದುಕೊಂಡು ಬಂದಿದ್ದಳು. ಅವಳ ಮೈಯಿಂದ ಲೈಫ್‌ಬಾಯ್ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

"ನೋಡಮ್ಮ, ನಿಮ್ ಒಳ್ಳೇದಕ್ಕೇ ಹೇಳ್ತಾ ಇದೀನಿ," ಎಂದ. "ಈ ಪೇಪರ್‌ಗೆ ನೀವು ಸೈನ್ ಹಾಕಿ, ನಿಮ್ ಯಜಮಾನ್ರ ಹತ್ರಾನೂ ಹಾಕಿಸಿ. ಎರಡೂ ಕಡೆ ರಾಜಿ ಅಂತ ಹೈಕೋರ್ಟಲ್ಲಿ ಹೇಳಿದ್ರೆ ಕೇಸು ಅಲ್ಲಿಗೆ ಮುಗೀತು. ಬೇಡಿ ತೆಗೀತಾರೆ. ಮನೆಗೆ ಕರ್ಕೊಂಡ್ ಹೋಗಿ."

"ಹಾಕಲಿಲ್ಲಂದ್ರ?"

"ಹಾಕ್ಲಿಲ್ಲ ಅಂದ್ರೆ ಇಲ್ಲಿಂದ ಡಿಸ್ಚಾರ್ಜ್ ಆದ ದಿನ ಜೈಲಿಗೆ. ಮನೆಗೆ ನುಗ್ಗಿದ್ದು, ಕೊಲೆ ಪ್ರಯತ್ನ. ಆ ಕಾಲಿಟ್ಕೊಂಡು ಜೈಲಲ್ಲಿ ಹೆಂಗಿರ್ತಾರೆ ನೀವೇ ಯೋಚ್ನೆ ಮಾಡಿ. ಅಲ್ಲಿ ಡ್ರೆಸ್ಸಿಂಗ್ ಯಾರ್ ಮಾಡ್ತಾರೆ?"

ಕಾಗದವನ್ನು ಅವನು ಅವಳ ಕೈಗೆ ಕೊಡಲಿಲ್ಲ. ಬೆಂಚಿನ ಮೇಲಿಟ್ಟ. ಪೆನ್ನನ್ನೂ ಬೆಂಚಿನ ಮೇಲಿಟ್ಟ. ಅವಳು ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಾಲ್ಕನೇ ಇಯತ್ತೆ ಮುಗಿಸಿದವಳು. ಓದು ನಿಧಾನ, ಆದರೆ ತಪ್ಪುತ್ತಿರಲಿಲ್ಲ. ಅದರಲ್ಲಿ ಬರೆದದ್ದು ಇಷ್ಟು: ಗೂಳಪ್ಪ ಕುಡಿದಿದ್ದ. ಕುಡಿದ ಅಮಲಿನಲ್ಲಿ ಹಿಂಬದಿಯಿಂದ ಗಿರಿರಾಜರ ಕಾಂಪೌಂಡಿಗೆ ನುಗ್ಗಿದ. ಬೆಲ್ ಕೂಡ ಮಾಡಲಿಲ್ಲ. ಯಾಕೆ ಬಂದೆ ಎಂದು ಕೇಳಿದ್ದಕ್ಕೆ ಕಬ್ಬಿಣದ ರಾಡು ಎತ್ತಿ ತಲೆಗೆ ಬೀಸಿದ. ಗಿರಿರಾಜರು ಎಡಗೈಯಲ್ಲಿ ರಾಡು ಹಿಡಿದು ಎಳೆದಾಡಿದರು. ಬಿಡಿಸಿಕೊಳ್ಳಲಾಗದೆ ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಿದರು. ಈಗ ಇಬ್ಬರಿಗೂ ದ್ವೇಷವಿಲ್ಲ.

"ಇದರಾಗ ಚೇಂಬರಿನ ಸುದ್ದೀನೇ ಇಲ್ಲಲ್ರೀ," ಎಂದಳು. "ಅವರ ಮನಿ ಕಕ್ಕಸು ಕಟ್ಟಿತ್ತು. ಅವರ ಕರೆಸಿದ್ರು."

ಸುಘೋಷ್ ಸುತ್ತ ನೋಡಿ ದನಿ ಇಳಿಸಿದ. "ಆ ಮಾತು ಬಿಟ್ಬಿಡಿ. ಯಾರೂ ಯಾರನ್ನೂ ಕರೆಸಿಲ್ಲ."

ಮನುಷ್ಯನನ್ನು ಮಲದ ಗುಂಡಿಗೆ ಇಳಿಸುವುದು ಅಪರಾಧ ಎಂದು ಕಾನೂನಿದೆ. ಇಳಿಸಲು ಕರೆಸಿದ್ದೆ ಎಂದು ಗಿರಿರಾಜರು ಒಪ್ಪಿದರೆ ಅದೇ ಒಂದು ಕೇಸು. ಹಾಗಾಗಿ ಗೂಳಪ್ಪ ಕೆಲಸಕ್ಕೆ ಬಂದವನಾಗಿ ಇರುವಂತಿಲ್ಲ, ಕಳ್ಳನೋ ಕುಡುಕನೋ ಆಗಲೇಬೇಕು. ಹೇಲು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಆ ಚೇಂಬರು ಈಗಲೂ ಕಟ್ಟಿಕೊಂಡೇ ಇತ್ತು.

"ಹನ್ನೊಂದಕ್ಕೆ ಅಲ್ಲಿ ಮಹಜರಿದೆ," ಎಂದ ಲಾಯರು. "ಅವತ್ತು ನಡೆದಿದ್ದನ್ನ ಇನ್ನೊಂದ್ಸಲ ಮಾಡಿಸಿ ಫೋಟೋ ತೆಗೀತಾರೆ, ಅಷ್ಟೇ. ಎಸ್ಐ ಬರ್ತಾರೆ. ನೀವು ಬಂದು ಸುಮ್ನೆ ನಿಂತ್ಕೊಳ್ಳಿ. ಅದಕ್ಕೂ ಇದಕ್ಕೂ ಅಲ್ಲೇ ಸೈನ್ ಹಾಕಿಬಿಡಿ."

ಅವಳು ಕಾಗದ ಹಿಡಿದು ವಾರ್ಡಿನೊಳಗೆ ಹೋದಳು. ಗೂಳಪ್ಪ ಕಣ್ಣು ತೆರೆದು ಮಲಗಿದ್ದ. ಓದಿ ಹೇಳಿದಳು. ಕುಡಿದಿದ್ದ ಎಂಬಲ್ಲಿ ಅವನು ಏನೂ ಅನ್ನಲಿಲ್ಲ. ಗುಂಡಿ ಕೆಲಸಕ್ಕೆ ಹೋಗುವ ಮುಂಚೆ ಒಂದು ಪ್ಯಾಕೆಟ್ಟು ಹಾಕಿಕೊಳ್ಳದೆ ಯಾವನೂ ಹೋಗುವುದಿಲ್ಲ. ಮೂಗಿದ್ದವನಿಗೆ ಅದು ಗೊತ್ತಾಗುತ್ತದೆ. ರಾಡು ಎತ್ತಿದ ಎಂದು ಓದಿದಾಗ ಮುಖ ಗೋಡೆಯ ಕಡೆ ತಿರುಗಿಸಿದ.

"ಎತ್ತೇ ಬಿಡಬೇಕಿತ್ತು," ಎಂದ. "ಎತ್ತದೇ ಎತ್ತಿದಾಂವ ಆದೆ. ಎತ್ತಿದ್ರ ಒಂದು ಏಟರ ಬೀಳತಿತ್ತು ಮಗಂಗ."

"ಸಹಿ ಏನ್ ಮಾಡ್ಲಿ?"

"ನಿನಗ ತಿಳಿದಂಗ ಮಾಡು. ಕಾಲು ಬಾಳ ಸಿಡಿಲಕತ್ತದ, ಕಸ್ತೂರಿ. ಮನಿಗೆ ಹೋಗಬೇಕನಸ್ತದ."

ಅವಳು ಅವನ ಬೇಡಿಯ ಕೈಯನ್ನು ಸ್ವಲ್ಪ ಸರಿಸಿ, ಕಂಬಿ ಒತ್ತಿ ಕೆಂಪಾದ ಜಾಗಕ್ಕೆ ತನ್ನ ಸೆರಗಿನ ತುದಿಯನ್ನು ಮಡಚಿ ತೂರಿಸಿ ನೋಡಿದಳು. ಸೆರಗು ಬಿಟ್ಟು ಹೋಗಲಾಗುವುದಿಲ್ಲವಲ್ಲ. ದಿಂಬಿನ ಕವರಿನ ಒಂದು ಮೂಲೆ ಹರಿದು ಅಲ್ಲಿ ಸುತ್ತಿದಳು. ಪೊಲೀಸಿನವನು ನೋಡಿಯೂ ನೋಡದವನಂತಿದ್ದ. ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡು ಹೊರಟಳು.

ಆಸ್ಪತ್ರೆಯ ಹೊರಗೆ ಮುತ್ತುರಾಜ ತನ್ನ ಟೆಂಪೋ ನಿಲ್ಲಿಸಿಕೊಂಡಿದ್ದ. ಬೆಂಗಳೂರಿನವನೇ. ಮನೆಗಳಿಂದ ಫೋನು ಬರುವುದು ಅವನಿಗೆ, ಆಳು ಕಳಿಸುವುದು ಅವನು. ಅವತ್ತು ಗಿರಿರಾಜರ ಫೋನು ಎತ್ತಿದ್ದೂ ಅವನೇ, ಗಂಡ ಹೆಂಡತಿಯನ್ನು ಹಿಂದಿನ ಓಣಿಯ ತನಕ ಬಿಟ್ಟು ಬಂದದ್ದೂ ಅವನೇ. ಅದೆಲ್ಲ ಗುಂಡು ಹಾರುವ ತನಕ. ಆಮೇಲೆ ಅವನು ಸ್ಟೇಷನ್ನಿನಲ್ಲಿ, ನಾನು ಯಾರನ್ನೂ ಕಳಿಸಿಲ್ಲ ಎಂದು ಬರೆದುಕೊಟ್ಟು ಬಂದಿದ್ದ.

"ಅಕ್ಕಾ, ನಾನೇನ್ ಮಾಡ್ಲಿ ಹೇಳು," ಎಂದ, ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ. ಅವಳ ಮುಖ ನೋಡಲಿಲ್ಲ. "ಆಳು ಕಳಿಸ್ದೆ ಅಂದ್ರೆ ನನ್ನೇ ಫಸ್ಟು ಒಳಗಾಕ್ತಾರಂತೆ. ಗಾಡಿ ಸೀಜ್ ಮಾಡ್ತಾರಂತೆ. ನಂಗೂ ಮನೆ ಇದೆ ಅಲ್ವಾ? ಸೈನ್ ಹಾಕಿಬಿಡಕ್ಕಾ. ಗೂಳಪ್ಪಣ್ಣ ಹೊರಗ್ ಬರ್ಲಿ ಮೊದ್ಲು. ದೊಡ್ಡೋರ ಹತ್ರ ಗುದ್ದಾಡಕ್ಕಾಗುತ್ತಾ?"

"ನೀ ಅವತ್ತು ಬಿಟ್ಟು ಹೋಗದಿದ್ರ?"

"ಹೋಗ್ದಿದ್ರೆ ನಂಗೂ ಬೀಳ್ತಿತ್ತು."

ಅದೂ ನಿಜವೇ ಇರಬಹುದು. ಕಸ್ತೂರೆವ್ವ ಹಿಂದೆ ನೋಡಿದಳು. ಟೆಂಪೋದ ಹಿಂಭಾಗದಲ್ಲಿ ಬಿದಿರಿನ ದಬ್ಬೆಗಳು, ಹಗ್ಗ, ಎರಡು ಬಕೆಟ್ಟು, ಮುತ್ತುರಾಜನ ಇನ್ನೊಂದು ಸಲಾಕೆ. ಗೂಳಪ್ಪ ಹಿಡಿದಿದ್ದ ಸಲಾಕೆಗೆ ಬಟ್ಟೆ ಹೊಲಿದು ಅರಗು ಹಾಕಿ ಸ್ಟೇಷನ್ನಿನಲ್ಲಿಟ್ಟಿದ್ದರು. ಅದರಂಥದ್ದೇ ಒಂದು ಬೇಕು ಎಂದು ಎಸ್ಐ ಮುತ್ತುರಾಜನಿಗೆ ಹೇಳಿ ತರಿಸಿದ್ದ.

ಎಲ್ಲರೂ ರಾಡು ರಾಡು ಎನ್ನುವ ಆ ವಸ್ತು ನಾಲ್ಕಡಿ ಉದ್ದದ ಕಬ್ಬಿಣದ ಸಲಾಕೆ. ಒಂದು ತುದಿ ಬಾಗಿಸಿ ಕೊಕ್ಕೆ ಮಾಡಿರುತ್ತಾರೆ. ಆ ಕೊಕ್ಕೆಯನ್ನು ಚೇಂಬರಿನ ಮುಚ್ಚಳಕ್ಕೆ ಸಿಕ್ಕಿಸಿ ಎತ್ತಬೇಕು. ಅದನ್ನೇ ಗುಂಡಿಗೆ ಇಳಿಸಿ ಒಳಗೆ ಕಟ್ಟಿದ್ದನ್ನು ಕೆದಕಬೇಕು. ಇನ್ನೊಂದು ತುದಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿರುತ್ತದೆ. ಅದು ಹಿಡಿ. ಕೊಕ್ಕೆಯ ತುದಿ ಹೇಲಿಗೆ, ಹಿಡಿಯ ತುದಿ ಕೈಗೆ. ಈ ಕೆಲಸದವರು ಒಬ್ಬರಿಂದ ಒಬ್ಬರಿಗೆ ಸಲಾಕೆ ಕೊಡುವಾಗ, ಕೊಡುವವನು ತಾನು ಕೊಕ್ಕೆಯ ಕಡೆ ಹಿಡಿದು ಹಿಡಿಯ ಕಡೆಯನ್ನು ಚಾಚುತ್ತಾನೆ. ಹೊಲಸು ತನ್ನ ಅಂಗೈಗೆ, ಚೊಕ್ಕ ತುದಿ ಎದುರಿನವನಿಗೆ. ಯಾರೂ ಕಲಿಸಿದ್ದಲ್ಲ. ಉಣ್ಣುವಾಗ ಬಲಗೈ ಬಳಸುವಷ್ಟೇ ಸಹಜ.

ಗುಂಡು ಹಾರಿದ ದಿನ ಶನಿವಾರ, ಮಧ್ಯಾಹ್ನ ಎರಡೂವರೆ. ಆ ಮನೆಗೆ ಅವರು ಹೋಗಿದ್ದು ಅದು ಮೂರನೇ ಸಲ. ಅಲ್ಲಿಯ ಕಟ್ಟಳೆಗಳು ಮೊದಲ ಸಲವೇ ಗೊತ್ತಾಗಿದ್ದವು. ಮುಂದಿನ ಗೇಟಿನಿಂದ ಬರಬಾರದು, ಮನೆಗಳ ಹಿಂದಿನ ಓಣಿಯಿಂದ ಬರಬೇಕು. ಬೆಲ್ ಮುಟ್ಟಬಾರದು. ಹೆಸರು ಹಿಡಿದು ಕೂಗಬಾರದು. ಮುಚ್ಚಳದ ಮೇಲೆ ಸಲಾಕೆಯಿಂದ ಎರಡು ಸಲ ಕುಟ್ಟಿ ಸುಮ್ಮನೆ ನಿಲ್ಲಬೇಕು. ಇವನ್ನೆಲ್ಲ ಮಾಡಿಸಿದ್ದು ಗಿರಿರಾಜರೇ. ಈಗ ಹಿಂಬದಿಯಿಂದ ಬಂದ, ಬೆಲ್ ಮಾಡಲಿಲ್ಲ, ರಾಡು ಕುಟ್ಟಿದ ಎಂದು ದೂರು ಬರೆಸಿದ್ದೂ ಗಿರಿರಾಜರೇ. ಹೇಳಿದಂತೆ ಕೇಳಿದ್ದೇ ಗೂಳಪ್ಪನ ಕುತ್ತಿಗೆಗೆ ಬಂತು.

ಕುಟ್ಟಿದ ಮೇಲೆ ಗಿರಿರಾಜರು ಅಡುಗೆಮನೆಯ ಹಿಂಬಾಗಿಲಿನ ಮೆಟ್ಟಿಲ ಮೇಲೆ ಬಂದು ನಿಂತರು. ಕಲ್ಲು ಕ್ವಾರಿ ನಡೆಸಿದ ಮನುಷ್ಯ. ಈಗ ವ್ಯವಹಾರ ಬಿಟ್ಟಿದ್ದರೂ ಲೈಸೆನ್ಸಿನ ಪಿಸ್ತೂಲು ಬಿಟ್ಟಿರಲಿಲ್ಲ. ಮನೆಯಲ್ಲೂ ಅದು ಅಂಗಿಯ ಕೆಳಗೆ ಸೊಂಟದಲ್ಲೇ. ಅವರ ಹಿಂದೆ ಸೊಸೆ ಮಾಲವಿಕಾ ಜಾಲರಿ ಬಾಗಿಲ ಒಳಗೆ ನಿಂತಿದ್ದಳು. ಕಸ್ತೂರೆವ್ವ ಬಕೆಟ್ಟು ಹಿಡಿದು ಓಣಿಯ ಕಡೆಯ ಗೇಟಿನಲ್ಲಿ.

ಗೂಳಪ್ಪ ಮುಚ್ಚಳ ಎತ್ತಿದ. ಒಂದು ಜಿರಳೆಯೂ ಹೊರಗೆ ಓಡಿ ಬರಲಿಲ್ಲ. ಚೇಂಬರಿನ ಮುಚ್ಚಳ ತೆಗೆದರೆ ಜಿರಳೆಗಳು ಬೆಳಕಿಗೆ ಹೆದರಿ ನೂರಾರು ಸಂಖ್ಯೆಯಲ್ಲಿ ಚೆದುರಬೇಕು. ಅವು ಸತ್ತು ತೇಲುತ್ತಿದ್ದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ. ಇಳಿದವನು ಎರಡನೇ ಉಸಿರಿಗೆ ಮೇಲೆ ಬರುವುದಿಲ್ಲ. ಗೂಳಪ್ಪ ಮೇಲಿನಿಂದಲೇ ಅರ್ಧ ಗಂಟೆ ದಬ್ಬೆ ಹಾಕಿ ನೂಕಿದ, ಸಲಾಕೆ ಹಾಕಿ ಕೆದಕಿದ. ಮೊಣಕೈ ತನಕ ಕಪ್ಪಾಯಿತು. ಗುಂಡಿ ಜಗ್ಗಲಿಲ್ಲ.

"ಇಳಿಯೋ ಒಳಗೆ," ಎಂದರು ಗಿರಿರಾಜರು.

"ಒಳಗ ಗ್ಯಾಸ್ ಅದರಿ. ಮಷಿನ್ ಗಾಡಿ ಕರೆಸ್ರಿ."

"ಆ ಗಾಡಿ ಈ ಓಣಿಗೆ ಬರಲ್ಲ. ಇಳಿ ಅಂದ್ರೆ ಇಳಿಬೇಕು. ನಿಮ್ಮಪ್ಪ ಇಳೀತಿದ್ದ, ನಿಮ್ಮ ತಾತ ಇಳೀತಿದ್ದ. ನಿಂಗೇನೋ ಬಂದಿರೋದು ದೊಡ್ಡ ರೋಗ?"

"ನಮ್ಮಪ್ಪ ಇಳಿದಿಲ್ರೀ. ನಮ್ಮಪ್ಪ ಹಲಗಿ ಬಡೀತಿದ್ದ, ಹೊಲದಾಗ ದುಡೀತಿದ್ದ. ಇಳಿದಾಂವ ನಾನ ಮೊದಲು."

ಆಮೇಲೆ ಗಿರಿರಾಜರ ಬಾಯಿಂದ ಬಂದದ್ದನ್ನು ಕಸ್ತೂರೆವ್ವ ಸ್ಟೇಷನ್ನಿನಲ್ಲಿ ಒಂದಕ್ಷರ ಬಿಡದೆ ಹೇಳಿದ್ದಳು. ಜಾತಿ ಹಿಡಿದು ಬೈದದ್ದು, ತಾಯಿಯನ್ನು ಹಿಡಿದು ಬೈದದ್ದು. ಅವಳ ದೂರು ಇಸಿದುಕೊಂಡರೇ ಹೊರತು ಕೇಸು ಮಾಡಲಿಲ್ಲ. ಗೂಳಪ್ಪ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಆಮೇಲೆ ಮೆತ್ತಗೆ ಹೇಳಿದ.

"ಮನಿ ನಿಮ್ದು. ಹೇಲೂ ನಿಮ್ದ. ನೀವ ಇಳೀರಿ. ನಾ ಮ್ಯಾಲ ಹಗ್ಗ ಹಿಡೀತೀನಿ."

ಹೇಳಿದವನೇ ಸಲಾಕೆಯ ಹಿಡಿಯನ್ನು ಅವರತ್ತ ಚಾಚಿದ. ಗಂಡನಾದವನು ಬಾಯಿ ಬಿಟ್ಟು ಇಲ್ಲ ಎಂದದ್ದನ್ನು ಒಂಬತ್ತು ವರ್ಷದಲ್ಲಿ ಮೊದಲ ಸಲ ಕೇಳಿದ ಕಸ್ತೂರೆವ್ವನಿಗೆ ನಗು ಬಂದಿತ್ತು. ಅಷ್ಟರಲ್ಲಿ ಗಿರಿರಾಜರ ಮುಖ ಕಿವುಚಿತು. ಕೋಪವಾಗಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು, ಕೋಪ ದಿನಾ ನೋಡಿದ್ದೇ. ಇದು ಕೋಪವಲ್ಲ. ಊಟದ ತಟ್ಟೆಯಲ್ಲಿ ಹುಳ ಕಂಡವರ ಮುಖ. ಅವರು ಮೆಟ್ಟಿಲ ಮೇಲೆ ಹಿಂದಕ್ಕೆ ಸರಿದರು, ಕೈ ಅಂಗಿಯ ಕೆಳಗೆ ಹೋಯಿತು, ಗುಂಡು ಹಾರಿತು.

ಬಿದ್ದವನ ತೊಡೆಯಿಂದ ರಕ್ತ ಚಿಮ್ಮುತ್ತಿತ್ತು. ಗಿರಿರಾಜರು ತಿರುಗಿ ಒಳಗೆ ಕೂಗಿದ್ದು ಆಂಬುಲೆನ್ಸಿಗಲ್ಲ. "ಮಾಲವಿಕಾ, ಫಿನಾಯಿಲ್ ತಗೊಂಡ್ ಬಾ," ಎಂದು ಕೂಗಿದರು. ಸಲಾಕೆಯ ಹಿಡಿ ಅವರ ಮೆಟ್ಟಿಲಿಗೆ ತಾಗಿ ಬಿದ್ದಿತ್ತು.

ಹನ್ನೊಂದಕ್ಕೆ ಟೆಂಪೋ ಆ ಓಣಿಗೆ ಬಂತು. ಕಸ್ತೂರೆವ್ವ ಹಿಂದಿನ ಗೇಟಿನಿಂದಲೇ ಒಳಗೆ ಹೋದಳು. ಎಸ್ಐ, ಇಬ್ಬರು ಕಾನ್‌ಸ್ಟೆಬಲ್‌ಗಳು, ಲಾಯರು ಸುಘೋಷ್, ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಲು ಕರೆತಂದ ಅಕ್ಕಪಕ್ಕದ ಮನೆಯ ಇಬ್ಬರು ಹಿರಿಯರು. ಆ ಇಬ್ಬರಿಗೂ ಕುರ್ಚಿ ಹಾಕಿ ಕಾಫಿ ಕೊಟ್ಟಿದ್ದರು. ಚೇಂಬರಿನ ಮುಚ್ಚಳದ ಮೇಲೆ ಗೋಣಿಚೀಲ ಹೊದಿಸಿ, ಅದರ ಮೇಲೆ ಒಂದು ಹೂವಿನ ಕುಂಡ ಇಟ್ಟಿದ್ದರು. ಪುಣ್ಯಕ್ಕೆ ಕುಂಡದಲ್ಲಿ ತುಳಸಿ ಇರಲಿಲ್ಲ. ಚೀಲದ ಅಂಚಿನಿಂದ ಕಪ್ಪು ನೀರು ಒಸರುತ್ತಿತ್ತು. ಕಾಫಿ ಕುಡಿಯುತ್ತಿದ್ದವರು ಅತ್ತ ನೋಡದಂತೆ ಕುರ್ಚಿ ತಿರುಗಿಸಿಕೊಂಡಿದ್ದರು.

"ಯಾರು ಏನೇ ಅನ್ಲಿ ಸಾರ್," ಎನ್ನುತ್ತಿದ್ದ ಒಬ್ಬ ಹಿರಿಯ, "ರಾಡ್ ಹಿಡ್ಕೊಂಡು ಮನೆ ಒಳಗೆ ಬಂದೋನೇ ಅಗ್ರೆಸ್ಸರ್ರು. ನಮ್ ಮನೆಗ್ ಬಂದಿದ್ರೂ ನಾನು ಅದೇ ಮಾಡ್ತಿದ್ದೆ."

"ನಿಮ್ ಹತ್ರ ಗನ್ನೆಲ್ಲಿದೆ?" ಎಂದ ಇನ್ನೊಬ್ಬ. ಇಬ್ಬರೂ ನಕ್ಕರು.

ಎಸ್ಐ ಒಬ್ಬ ಕಾನ್‌ಸ್ಟೆಬಲ್ಲನನ್ನು ಗೂಳಪ್ಪನ ಜಾಗದಲ್ಲಿ ನಿಲ್ಲಿಸಿದ. ಕಾನ್‌ಸ್ಟೆಬಲ್ಲು ಮುತ್ತುರಾಜನ ಸಲಾಕೆಯ ಹಿಡಿಗೆ ಕರ್ಚೀಫು ಸುತ್ತಿ, ತಲೆಯ ಮೇಲಕ್ಕೆ ಎತ್ತಿ ನಿಂತ. ಇನ್ನೊಬ್ಬ ಫೋಟೋ ತೆಗೆದ.

"ಹಂಗಲ್ಲರಿ," ಎಂದಳು ಕಸ್ತೂರೆವ್ವ. "ನನ್ ಗಂಡ ಕೊಕ್ಕಿ ಕಡೆ ಹಿಡಿದಿದ್ದ. ಹಿಡಿ ಅವರ ಕಡೆ ಇತ್ತು. ಕೊಕ್ಕಿ ಹಿಡಕೊಂಡು ಯಾರರ ಹೊಡೀತಾರೇನ್ರೀ? ಅವತ್ತ ನೀವ ಫೋಟೋ ತೆಗದೀರಲ್ಲ, ನೋಡ್ರಿ. ಹಿಡಿ ಮೆಟ್ಟಲ ಮ್ಯಾಲ ಬಿದ್ದಿತ್ತು."

"ಬೀಳ್ತಾ ತಿರುಗಿರುತ್ತೆ. ನಿನ್ನ ಕೇಳ್ದಾಗ ಹೇಳು," ಎಂದ ಎಸ್ಐ. ಆಮೇಲೆ ದನಿ ಬದಲಿಸಿ ಗಿರಿರಾಜರಿಗೆ ಹೇಳಿದ. "ಸಾರ್, ನೀವು ಎಡಗೈಯಲ್ಲಿ ರಾಡು ಹಿಡಿದು ಎಳೆದಾಡಿದ್ರಿ ಅಂತ ಇದೆ. ಹೆಂಗೆ ಹಿಡ್ಕೊಂಡಿದ್ರಿ, ಒಂದು ಫೋಟೋಗೆ ತೋರಿಸಿಬಿಡಿ."

ಗಿರಿರಾಜರು ಮೆಟ್ಟಿಲು ಇಳಿದು ಬಂದರು. ಸ್ನಾನ ಮಾಡಿ ವಿಭೂತಿ ಇಟ್ಟಿದ್ದರು. ಎಡಗೈ ಚಾಚಿದರು. ಸಲಾಕೆಗೆ ಒಂದು ಗೇಣು ದೂರದಲ್ಲಿ ಕೈ ನಿಂತಿತು. ನಿನ್ನೆ ಇನ್ಯಾವುದೋ ಮನೆಯ ಗುಂಡಿಗೆ ಇಳಿದು ಬಂದ ಸಲಾಕೆ ಅದು. ಕೊಕ್ಕೆಯಿಂದ ಅರ್ಧದ ತನಕ ಹಸಿರುಗಪ್ಪು ಹೊಲಸು ಒಣಗಿ ಅಂಟಿತ್ತು. ಗಿರಿರಾಜರು ಕೈ ಹಿಂದಕ್ಕೆ ಎಳೆದುಕೊಂಡರು.

"ಹಂಗೇ ಬರ್ಕೊಳ್ಳಿ ಇನ್ಸ್‌ಪೆಕ್ಟ್ರೇ," ಎಂದರು.

"ಫೋಟೋ ಇದ್ರೆ ನಿಮಗೇ ಒಳ್ಳೇದು ಸಾರ್. ಸ್ಟ್ರಾಂಗ್ ಇರುತ್ತೆ."

"ಮಾಲವಿಕಾ, ಒಂದು ಪೇಪರ್ ಕೊಡಮ್ಮ."

ಸೊಸೆ ಜಾಲರಿ ಬಾಗಿಲು ಸ್ವಲ್ಪವೇ ತೆರೆದು ಹಳೆಯ ದಿನಪತ್ರಿಕೆ ಕೊಟ್ಟಳು. ಗಿರಿರಾಜರು ಅದನ್ನು ನಾಲ್ಕು ಮಡಿಕೆ ಮಾಡಿದರು. ಮತ್ತೆ ಕೈ ಚಾಚಿದರು. ಪತ್ರಿಕೆ ಸಲಾಕೆಗೆ ತಾಗಿದ್ದೇ ಹೊಟ್ಟೆಯೊಳಗಿನಿಂದ ಓಕರಿಕೆ ಬಂದು, ಪತ್ರಿಕೆಯನ್ನು ಅಲ್ಲೇ ಬಿಟ್ಟು ಪಕ್ಕಕ್ಕೆ ತಿರುಗಿ ಉಗಿದರು. ಕಣ್ಣಲ್ಲಿ ನೀರು ತುಂಬಿತು. ಕಾಫಿಯ ಹಿರಿಯರು ಪಾಪ ಪಾಪ ಎಂದರು. ಸುಘೋಷ್ ಎಸ್ಐ ಕಿವಿಯಲ್ಲಿ ಏನೋ ಹೇಳಿದ.

"ಮುಟ್ಟೋದು ಬೇಡ ಸಾರ್," ಎಂದ ಎಸ್ಐ. "ಕೈ ಹತ್ರ ಇಟ್ಕೊಳ್ಳಿ ಸಾಕು. ಆ ಕಡೆಯಿಂದ ತೆಗೆದ್ರೆ ಹಿಡ್ಕೊಂಡಂಗೇ ಬರುತ್ತೆ."

ಹಾಗೆಯೇ ಆಯಿತು. ಗಿರಿರಾಜರು ಉಸಿರು ಹಿಡಿದು, ಮುಖ ಆಚೆ ತಿರುಗಿಸಿ, ಗಾಳಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತರು. ಅವರ ಮುಷ್ಟಿಗೂ ಸಲಾಕೆಗೂ ನಡುವೆ ಒಂದು ಇಡ್ಲಿ ತೂರಿಸುವಷ್ಟು ಜಾಗವಿತ್ತು. ಇನ್ನೊಬ್ಬ ಕಾನ್‌ಸ್ಟೆಬಲ್ಲು ಗೋಡೆಗೆ ಒರಗಿ ಓರೆಯಿಂದ ಫೋಟೋ ತೆಗೆದ. ಕೂಡಲೇ ಗಿರಿರಾಜರು ಒಳಗೆ ಓಡಿ, ಮುಟ್ಟದೇ ಇದ್ದ ಕೈಯನ್ನು ಸೋಪು ಹಾಕಿ ತೊಳೆದುಕೊಂಡು ಬಂದರು. ನಲ್ಲಿಯ ಸದ್ದು ಹೊರಗೆಲ್ಲ ಕೇಳುತ್ತಿತ್ತು.

ಕಸ್ತೂರೆವ್ವ ಎಲ್ಲ ನೋಡುತ್ತ ನಿಂತಿದ್ದಳು. ಒಂಬತ್ತು ವರ್ಷ ಅವಳು ಹೊತ್ತದ್ದು ಏನೇನೋ. ರಕ್ತದ ಬಟ್ಟೆ, ಸತ್ತ ಇಲಿ, ಒಮ್ಮೆ ಬಟ್ಟೆಯಲ್ಲಿ ಸುತ್ತಿದ ಬಸಿರ ಪಿಂಡ. ಯಾವತ್ತೂ ಓಕರಿಕೆ ಬಂದಿರಲಿಲ್ಲ. ಇವತ್ತು ಈ ತೊಳೆದ ಕೈಯನ್ನು ನೋಡಿ ಬಂತು.

ಎಸ್ಐ ಬರೆದದ್ದನ್ನು ಓದಿದ. "ಪಿರ್ಯಾದಿ ಗಿರಿರಾಜ್ ಅವರು ಸಲಾಕೆಯ ಮಧ್ಯಭಾಗವನ್ನು ತಮ್ಮ ಎಡಗೈಯಿಂದ ಹಿಡಿದು, ಘಟನೆ ನಡೆದ ರೀತಿಯನ್ನು ಪಂಚರ ಸಮಕ್ಷಮ ತೋರಿಸಿರುತ್ತಾರೆ." ಇಬ್ಬರು ಹಿರಿಯರು ಸಹಿ ಹಾಕಿದರು. ಮುತ್ತುರಾಜ ಯಾರ ಕಡೆಯೂ ನೋಡದೆ ಸಹಿ ಹಾಕಿದ. ಕಾನ್‌ಸ್ಟೆಬಲ್ಲು ಹಾಳೆಯನ್ನು ಕಸ್ತೂರೆವ್ವನ ಮುಂದೆ ಕುರ್ಚಿಯ ಮೇಲಿಟ್ಟ.

"ಮುಟ್ಟಿದ್ರೇನ್ರೀ ಅವರು?" ಎಂದಳು.

"ಏನು?"

"ಹಿಡಿದು ತೋರಿಸಿರುತ್ತಾರೆ ಅಂತ ಬರದೀರಿ. ಮುಟ್ಟಿದ್ರೇನು? ಪೊಲೀಸರು ಸುತ್ತ ನಿಂತಾಗ, ಪೇಪರ್ ಸುತ್ತಿಕೊಂಡೂ ಮುಟ್ಟಲಾಗಲಿಲ್ಲ ಅವರಿಗೆ. ಅವತ್ತು ಬರಿಗೈಲೆ ಹಿಡಿದು ಎಳದಾಡಿದ್ರಂತ. ಇದನ್ನ ಯಾರ ನಂಬ್ತಾರ್ರಿ?"

ಒಬ್ಬ ಹಿರಿಯ ಕಾಫಿ ಲೋಟದೊಳಗೆ ನೋಡತೊಡಗಿದ. ಇನ್ನೊಬ್ಬನಿಗೆ ತಟ್ಟನೆ ಫೋನು ಬೇಕಾಯಿತು.

"ಕಸ್ತೂರಮ್ಮ, ಇದೆಲ್ಲ ಟೆಕ್ನಿಕಲ್ ವಿಷಯ," ಎಂದ ಸುಘೋಷ್. "ಪ್ರಾಣ ಹೋಗೋ ಟೈಮಲ್ಲಿ ಮನುಷ್ಯ ಏನ್ ಬೇಕಾದ್ರೂ ಮುಟ್ತಾನೆ."

"ಕಸ್ತೂರೆವ್ವ ನನ್ ಹೆಸರು."

"ಸರಿ, ಕಸ್ತೂರೆವ್ವ. ಆ ಇನ್ನೊಂದು ಪೇಪರೂ ತಂದಿದೀರಲ್ಲ? ಎರಡಕ್ಕೂ ಸೈನ್ ಹಾಕಿ, ಸಂಜೆ ಒಳಗೆ ಬೇಡಿ ತೆಗೆಸೋ ಜವಾಬ್ದಾರಿ ನಂದು."

ಸಂಜೆಯೊಳಗೆ. ಅವಳ ಕಣ್ಣ ಮುಂದೆ ಗೂಳಪ್ಪನ ಮಣಿಕಟ್ಟು ಬಂತು, ಕಂಬಿ ಒತ್ತಿ ಕೆಂಪಾದದ್ದು. ಜೈಲಿನ ನೆಲದ ಮೇಲೆ ಆ ಕಾಲು ಚಾಚಿಕೊಂಡು ಕೂತವನೂ ಕಂಡ. ಡ್ರೆಸ್ಸಿಂಗ್ ಯಾರು ಮಾಡುತ್ತಾರೆ? ಯಾರೂ ಮಾಡುವುದಿಲ್ಲ. ಕೀವು ತುಂಬಿದರೆ ಕಾಲು ಕಡಿಯುತ್ತಾರೆ. ಅವಳು ರವಿಕೆಯಿಂದ ಕಾಗದ ತೆಗೆದಳು. ಕುರ್ಚಿಯ ಮೇಲಿನ ಪೆನ್ನನ್ನೂ ತೆಗೆದುಕೊಂಡಳು. ಸುಘೋಷ್ ಸಮಾಧಾನದ ಉಸಿರು ಬಿಟ್ಟ. ಮೆಟ್ಟಿಲ ಮೇಲೆ ಗಿರಿರಾಜರು ಒದ್ದೆ ಕೈಯನ್ನು ಟವೆಲ್ಲಿನಲ್ಲಿ ಒರೆಸುತ್ತ ನಿಂತಿದ್ದರು. ಒಂದೊಂದೇ ಬೆರಳನ್ನು ಬಿಡಿಸಿ ಒರೆಸುತ್ತಿದ್ದರು.

ಅವರು ಐದನೇ ಬೆರಳಿಗೆ ಬಂದಾಗ ಕಸ್ತೂರೆವ್ವ ಪೆನ್ನು ಬಿಟ್ಟಳು. ಕಾಗದವನ್ನು ಎರಡು ಸೀಳು ಮಾಡಿದಳು, ನಾಲ್ಕು ಮಾಡಿದಳು. ಮುತ್ತುರಾಜ ಅಕ್ಕಾ ಬೇಡ ಎಂದ. ಅವಳು ಸೀದಾ ಹೋಗಿ ಗೋಡೆಗೆ ಒರಗಿಸಿದ್ದ ಸಲಾಕೆಗೆ ಕೈ ಹಾಕಿದಳು. ಕೊಕ್ಕೆಯ ಕಡೆ ಹಿಡಿದಳು. ಒಣಗಿದ ಹೊಲಸು ಅಂಗೈಯಲ್ಲಿ ಪುಡಿಪುಡಿಯಾಯಿತು. ಹಿಡಿಯ ಕಡೆಯನ್ನು ಸೊಂಟದ ಎತ್ತರಕ್ಕೆ, ಅದಕ್ಕಿಂತ ಒಂದಂಗುಲ ಮೇಲಲ್ಲ, ಗಿರಿರಾಜರತ್ತ ಚಾಚಿದಳು.

"ತಗೋರಿ," ಎಂದಳು. "ಚೊಕ್ಕ ಕಡೀನ ಕೊಟ್ಟೀನಿ. ನನ್ ಗಂಡ ಕೊಟ್ಟಿದ್ದೂ ಇದನ್ನ. ಹಿಡಿದು ತೋರಸ್ರಿ."

ಗಿರಿರಾಜರ ಮುಖ ಕಿವುಚಿತು. ಟವೆಲ್ಲು ಕೈಯಿಂದ ಜಾರಿತು. ಹಿಂದಿನ ಕಾಲು ಮೇಲಿನ ಮೆಟ್ಟಿಲಿಗೆ ಏರಿತು. ಬಲಗೈ ತಾನಾಗಿ ಅಂಗಿಯ ಕೆಳಗೆ ಸೊಂಟಕ್ಕೆ ಹೋಯಿತು. ಪಿಸ್ತೂಲು ಅಲ್ಲಿರಲಿಲ್ಲ, ಸ್ಟೇಷನ್ನಿನ ಬೀರುವಿನಲ್ಲಿತ್ತು. ಆದರೂ ಕೈ ಅದನ್ನು ಹುಡುಕುತ್ತಲೇ ಇತ್ತು. ಬೆರಳುಗಳು ಬರಿಯ ಬೆಲ್ಟನ್ನು ತಡಕಾಡುತ್ತಿದ್ದವು. ಎಸ್ಐ ನೋಡಿದ. ಲಾಯರು ನೋಡಿದ. ಕಾಫಿಯ ಇಬ್ಬರೂ ನೋಡಿದರು. ಜಾಲರಿಯ ಹಿಂದೆ ಮಾಲವಿಕಾ ಬಾಯಿಗೆ ಕೈ ಅಡ್ಡ ಹಿಡಿದಳು. 

ಕಸ್ತೂರೆವ್ವ ಸಲಾಕೆ ಇಳಿಸಲಿಲ್ಲ.  ಎಸ್ಐ ಕಡೆ ಮುಖ ತಿರುಗಿಸಿದಳು.

"ಈಗ ಬರಕೋರಿ, ಸಾಹೇಬ್ರ. ಅವರ ಕೈ ಎಲ್ಲಿ ಅದ ಅನ್ನೂದೂ ಬರೀರಿ. ನಾ ಇನ್ನಾ ಎತ್ತಿಲ್ಲ."